ಬಾಳೆಗಿಡದ ಹೆಸರಿನ ಕವಿ: ಮಾತ್ಸುವೊ ಬಾಶೊ

ಬೋಧನಾಭ್ಯಾಸದ ಕನ್ನಡ ಪಾಠಗಳನ್ನು ವೀಕ್ಷಿಸಲು ನಾನು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿಯ ಪ್ರೌಢಶಾಲೆಗಳಿಗೆ ಹೋಗುತ್ತಿರುತ್ತೇನೆ. ಪದ್ಯಪಾಠದ ಕೊನೆಗೆ ಸ್ವರಚನೆಯ ಚಟುವಟಿಕೆಯಾಗಿ ಹಾಯ್ಕು ಬರೆಸುವುದು ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಈಚೆಗೆ ರೂಢಿಯಾಗಿದೆ. ಮೂರು ಸಾಲು, 5-7-5 ಎಂಬ ಲೆಕ್ಕ, ವಿಷಯ ಪ್ರಕೃತಿ. ಅವಧಿ ಮುಗಿಯುವಷ್ಟರಲ್ಲಿ 40 ಮಕ್ಕಳ ವಹಿಯಲ್ಲಿ 40 ಹಾಯ್ಕು ಸಿದ್ಧವಾಗಿರುತ್ತವೆ. ಓದಿ ನೋಡಿದರೆ ಹೆಚ್ಚಿನವುಗಳಲ್ಲಿ ಪ್ರಕೃತಿ ತಾಯಿಯಾಗಿರುತ್ತಾಳೆ, ಹಸಿರು ಉಸಿರಾಗಿರುತ್ತದೆ, ಕೊನೆಗೊಂದು ವಂದನೆ ಇರುತ್ತದೆ. ಕಿಟಕಿಯ ಹೊರಗಿನ ಬೇವಿನ ಮರ ಮಾತ್ರ ಯಾರ ವಹಿಯಲ್ಲೂ ಇರುವುದಿಲ್ಲ.

ಮಕ್ಕಳು ಕೇಳಿದ್ದನ್ನು ಬರೆದಿರುತ್ತಾರೆ, ಅಷ್ಟೆ. ಕೃತಜ್ಞತೆ ಎಂಬುದು ಕರಿಹಲಗೆಯ ಮೇಲೆ ಬರೆದು ಹೇಳಿಸಿದರೆ ಬರುವ ಭಾವವಲ್ಲ. ಅದಕ್ಕಾಗಿ ಲೆಕ್ಕ ಹೇಳುವ ಮೊದಲು ಈ ಪ್ರಕಾರವನ್ನು ಬೆಳೆಸಿದ ಕವಿಯ ಬದುಕನ್ನು ಹೇಳಿ ನೋಡೋಣವೆಂದು ನಾಲ್ಕೂ ಕಡೆ ಒಂದೊಂದು ತರಗತಿಯಲ್ಲಿ ನಾನೇ ಎರಡೆರಡು ಅವಧಿ ತೆಗೆದುಕೊಂಡೆ. ಇಲ್ಲಿರುವುದು ಆ ಕಥನ. ಎಲ್ಲಿ ನಿಲ್ಲಿಸಿದೆ, ಏನು ಕೇಳಿದೆ ಎಂಬುದನ್ನೂ ನಡುನಡುವೆ ಸೇರಿಸಿದ್ದೇನೆ. ಅವನ ಪದ್ಯಗಳನ್ನು ಬೇಕೆಂದೇ ಉದ್ಧರಿಸಿಲ್ಲ. ಪದ್ಯ ಮುಂದಿದ್ದರೆ ಮಕ್ಕಳು ಅದರ ನಕಲು ಮಾಡುತ್ತಾರೆ. ಬದುಕು ಮುಂದಿದ್ದರೆ ಅವನು ನೋಡಿದ ರೀತಿಯನ್ನು ಗಮನಿಸುತ್ತಾರೆ.

ಅತಿಥಿಯ ಮೊದಲ ಮಾತು

ಮಾತ್ಸುವೊ ಬಾಶೊ ಹುಟ್ಟಿದ್ದು 1644ರಲ್ಲಿ, ಜಪಾನಿನ ಇಗಾ ಪ್ರಾಂತದ ಉಯೆನೊ ಎಂಬ ಕೋಟೆಯ ಊರಿನಲ್ಲಿ. ಸುತ್ತ ಗುಡ್ಡಗಳು, ನಡುವೆ ಬತ್ತದ ಗದ್ದೆಗಳು. ಆಗಿನ ಸಾಂಸ್ಕೃತಿಕ ರಾಜಧಾನಿ ಕ್ಯೋಟೊ ಅಲ್ಲಿಂದ ಬಹಳ ದೂರವಿಲ್ಲ. ತಂದೆ ಕೆಳಹಂತದ ಸಮುರಾಯಿ ಮನೆತನದವನು. ಹೆಸರಿಗೆ ಯೋಧರ ಕುಲ, ನಿತ್ಯದ ಬದುಕು ಸಾಧಾರಣದ್ದು. 1656ರಲ್ಲಿ, ಬಾಶೊಗೆ 12 ವರ್ಷವಾಗಿದ್ದಾಗ, ತಂದೆ ತೀರಿಕೊಂಡ.

ಹುಡುಗ ಊರಿನ ಒಡೆಯರಾದ ಟೊಡೊ ವಂಶದ ಯುವಕ ಯೊಶಿತಾದಾನ ಸೇವೆಗೆ ಸೇರಿದ. ಯೊಶಿತಾದಾ ಇವನಿಗಿಂತ ಎರಡೇ ವರ್ಷ ದೊಡ್ಡವನು. ಕ್ಯೋಟೊದ ಕಿಟಮುರಾ ಕಿಗಿನ್ ಎಂಬ ಗುರುವಿನಿಂದ ಅವನು ಹಾಯ್ಕಾಯ್ ಎಂಬ ಕವಿತಾ ಕಲೆಯನ್ನು ಕಲಿಯುತ್ತಿದ್ದ. ಒಡೆಯ-ಸೇವಕ ಎಂಬ ಅಂತರ ಹಿಂದೆ ಸರಿದು ಇಬ್ಬರೂ ಕವಿತೆಯ ಗೆಳೆಯರಾದರು.

ಈ ಹಾಯ್ಕಾಯ್ ಏನೆಂಬುದನ್ನು ಮಕ್ಕಳಿಗೆ ಇಲ್ಲೇ ಬಿಡಿಸಿ ಹೇಳಬೇಕು. ನಾಲ್ಕಾರು ಜನ ಒಂದು ಮನೆಯಲ್ಲಿ ಕೂಡುತ್ತಾರೆ. ಒಬ್ಬ ಮೂರು ಪಾದದ ಪದ್ಯ ಹೇಳುತ್ತಾನೆ, ಇನ್ನೊಬ್ಬ ಅದಕ್ಕೆ ಎರಡು ಪಾದ ಜೋಡಿಸುತ್ತಾನೆ, ಮತ್ತೊಬ್ಬ ಮುಂದುವರಿಸುತ್ತಾನೆ. ಹೀಗೆ 36 ಅಥವಾ 100 ಕೊಂಡಿಗಳ ಸರಪಳಿ ಆಗುತ್ತದೆ. ಮೊದಲ ಪದ್ಯಕ್ಕೆ ಹೊಕ್ಕು ಎಂದು ಹೆಸರು. ಅದನ್ನು ಸಾಮಾನ್ಯವಾಗಿ ಹೇಳುವವನು ಮುಖ್ಯ ಅತಿಥಿ. ಅದರಲ್ಲಿ ಆ ಹೊತ್ತಿನ ಋತುವಿನ ಸೂಚನೆ ಇರಬೇಕು. ಕೂಡಿದ ಜಾಗಕ್ಕೂ ಕರೆದ ಮನೆಯವನಿಗೂ ಅದು ವಂದನೆಯಂತಿರಬೇಕು. ಎರಡನೆಯ ಪದ್ಯ ಮನೆಯೊಡೆಯನದು, ಅತಿಥಿಗೆ ಮರುಮಾತು. ಆ ಮೊದಲ ಪದ್ಯವೇ ಮುಂದೆ ಸರಪಳಿಯಿಂದ ಬಿಡಿಸಿಕೊಂಡು ಸ್ವತಂತ್ರವಾಯಿತು. 19ನೆಯ ಶತಮಾನದ ಕೊನೆಯಲ್ಲಿ ಮಾಸಾವೊಕಾ ಶಿಕಿ ಎಂಬ ಕವಿ ಅದಕ್ಕೆ ಹಾಯ್ಕು ಎಂಬ ಹೆಸರನ್ನು ನೆಲೆಗೊಳಿಸಿದ.

ಬೆಟಗೇರಿಯ ತರಗತಿಯಲ್ಲಿ ಇಲ್ಲಿ ನಿಲ್ಲಿಸಿ, ನಿಮ್ಮ ಮನೆಗೆ ಹಳ್ಳಿಯಿಂದ ಬೀಗರು ಬಂದರೆ ಮೊದಲು ಯಾವ ಮಾತು ನಡೆಯುತ್ತದೆ ಎಂದು ಕೇಳಿದೆ. ಮಳಿ-ಬೆಳಿ ಹೇಗಿದೆ ಎಂಬ ಮಾತು ಎಂದು ಹಿಂದಿನ ಬೆಂಚಿನಿಂದಲೇ ಉತ್ತರ ಬಂತು. ನೀರು ಕೊಟ್ಟು, ಕೂಡ್ರಿಸಿ, ಮಳೆಯ ಸುದ್ದಿ ಕೇಳುವುದು ನಮ್ಮ ಮರ್ಯಾದೆ. ಹಾಯ್ಕುವಿನ ಬೇರು ಅಂಥ ಮರ್ಯಾದೆಯಲ್ಲೇ ಇದೆ. ಅದು ಬಂದವನು ಬಂದ ಜಾಗಕ್ಕೆ ಹೇಳುವ ಮೊದಲ ಮಾತು. ಇಷ್ಟು ತಿಳಿದರೆ ಹಾಯ್ಕುವಿನಲ್ಲಿ ಕೃತಜ್ಞತೆಯನ್ನು ಬೇರೆಯಾಗಿ ತುಂಬಬೇಕಾಗಿಲ್ಲ ಎಂಬುದು ತಿಳಿಯುತ್ತದೆ.

1666ರಲ್ಲಿ ಯೊಶಿತಾದಾ 25ರ ಹರೆಯದಲ್ಲೇ ಸತ್ತುಹೋದ. ತಂದೆಯ ನಂತರ ಆಸರೆಯಾಗಿದ್ದ ಗೆಳೆಯನೂ ಇಲ್ಲವಾದ. ಬಾಶೊ ಸೇವೆಯನ್ನು ಬಿಟ್ಟ. ಮುಂದಿನ ಆರು ವರ್ಷ ಅವನು ಹೇಗೆ ಬದುಕಿದನೆಂಬುದಕ್ಕೆ ಖಚಿತ ದಾಖಲೆಗಳು ಕಡಿಮೆ. ಕವಿತೆಯನ್ನು ಮಾತ್ರ ಬಿಡಲಿಲ್ಲ.

ನಗರ, ನೀರಿನ ಕೆಲಸ, ಬಾಳೆಗಿಡ

1672ರಲ್ಲಿ ಬಾಶೊ ಎಡೊ ನಗರಕ್ಕೆ ಹೊರಟ. ಅದೇ ಇಂದಿನ ಟೋಕಿಯೊ. ಹೊರಡುವ ಮೊದಲು ತಾನು ಸಂಪಾದಿಸಿದ ಒಂದು ಪದ್ಯಸಂಕಲನವನ್ನು ಉಯೆನೊದ ದೇವಾಲಯಕ್ಕೆ ಅರ್ಪಿಸಿದ. ಎಡೊ ಶೋಗುನರ ಆಡಳಿತದ ಹೊಸ ನಗರ. ವ್ಯಾಪಾರಿಗಳು ಹಣವಂತರಾಗುತ್ತಿದ್ದರು, ಹಾಯ್ಕಾಯ್ ಕಲಿಯುವುದು ಅವರಿಗೆ ಪ್ರತಿಷ್ಠೆಯ ಹವ್ಯಾಸವಾಗಿತ್ತು. ಇತರರ ಪದ್ಯಗಳನ್ನು ತಿದ್ದಿ ಅಂಕ ಹಾಕಿ ಸಂಭಾವನೆ ಪಡೆಯುವ ಗುರುಗಳು ಅಲ್ಲಿ ಬಹಳ ಜನ. ಬಾಶೊ ಕೂಡ ಅವರಲ್ಲಿ ಒಬ್ಬನಾದ. ಆಗ ಅವನ ಕಾವ್ಯನಾಮ ತೋಸೆಯ್, ಅಂದರೆ ಹಸಿರು ಪೀಚ್. ಚೀನಾದ ಮಹಾಕವಿ ಲಿ ಬೈ ಹೆಸರಿನಲ್ಲಿ ಬಿಳಿ ಪ್ಲಮ್ ಎಂಬ ಅರ್ಥವಿದೆ. ತಾನು ಆ ಬಿಳಿ ಹಣ್ಣಿನ ಮುಂದೆ ಇನ್ನೂ ಮಾಗದ ಕಾಯಿ ಎಂಬ ವಿನಯ, ತುಸು ತಮಾಷೆ, ಎರಡೂ ಆ ಹೆಸರಿನಲ್ಲಿವೆ.

ಕವಿತೆಯಿಂದಲೇ ಹೊಟ್ಟೆ ತುಂಬುತ್ತಿರಲಿಲ್ಲ. 1677ರಿಂದ ಸುಮಾರು ನಾಲ್ಕು ವರ್ಷ ಅವನು ಎಡೊ ನಗರದ ನೀರು ಸರಬರಾಜಿನ ಕಾಮಗಾರಿಯಲ್ಲಿ ಕೆಲಸ ಮಾಡಿದ. ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಲೆಕ್ಕವಿಡುವ ಮನೆಗಳಿಂದ ಬಂದ ನಮ್ಮ ಮಕ್ಕಳಿಗೆ ಈ ಸಂಗತಿ ಬಹಳ ಇಷ್ಟವಾಯಿತು. ಕವಿ ಎಂದರೆ ಸದಾ ಮರದ ಕೆಳಗೆ ಕೂತವನಲ್ಲ, ಊರಿಗೆ ನೀರು ತರುವ ಕೆಲಸದಲ್ಲಿದ್ದವನೂ ಹೌದು ಎಂಬುದನ್ನು ಒತ್ತಿ ಹೇಳಿರಿ.

1680ರ ಹೊತ್ತಿಗೆ ಬಾಶೊ ಎಡೊದ ಪ್ರಸಿದ್ಧ ಗುರುಗಳಲ್ಲಿ ಒಬ್ಬನಾಗಿದ್ದ. ಶಿಷ್ಯರಿದ್ದರು, ಹೆಸರಿತ್ತು. ಆಗಲೇ ಅವನು ನಗರದ ನಡುವಿನ ವಾಸವನ್ನು ಬಿಟ್ಟು ಸುಮಿದಾ ನದಿಯ ಆಚೆಯ ಫುಕಾಗಾವಾ ಎಂಬ ಜೌಗು ಪ್ರದೇಶದ ಒಂದು ಗುಡಿಸಲಿಗೆ ಹೋದ. ಸಂಭಾವನೆಗಾಗಿ ಪದ್ಯ ತಿದ್ದುವ ಕೆಲಸದಿಂದ ದೂರವಾದ. ಸುಗಿಯಾಮಾ ಸಂಪೂ ಎಂಬ ಮೀನು ವ್ಯಾಪಾರಿ ಶಿಷ್ಯ ಅವನ ಯೋಗಕ್ಷೇಮ ನೋಡಿಕೊಂಡ. ಗುಡಿಸಲಿನಲ್ಲಿ ಒಂದು ಒಣ ಸೋರೆಬುರುಡೆ ಇತ್ತು. ಶಿಷ್ಯರು ಅದಕ್ಕೆ ಅಕ್ಕಿ ತುಂಬುತ್ತಿದ್ದರು, ಅದರಿಂದ ಊಟ ನಡೆಯುತ್ತಿತ್ತು. ಜೋಳಿಗೆ ಹಿಡಿದು ಬರುವ ಜಂಗಮರನ್ನು ಕಂಡ ನಮ್ಮ ಕಡೆಯ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

1681ರಲ್ಲಿ ರಿಕಾ ಎಂಬ ಶಿಷ್ಯ ಗುಡಿಸಲಿನ ಮುಂದೆ ಒಂದು ಬಾಳೆಗಿಡ ನೆಟ್ಟ. ಜಪಾನೀ ಭಾಷೆಯಲ್ಲಿ ಬಾಳೆಗೆ ಬಾಶೊ ಎನ್ನುತ್ತಾರೆ. ಎಡೊದ ಚಳಿಯಲ್ಲಿ ಆ ಜಾತಿಯ ಬಾಳೆ ತಿನ್ನುವ ಹಣ್ಣು ಕೊಡುವುದಿಲ್ಲ. ಅದರ ಕಾಂಡದಿಂದ ತೊಲೆ ಕಂಬ ಆಗುವುದಿಲ್ಲ. ಗಾಳಿ ಬೀಸಿದರೆ ಎಲೆಗಳು ಸೀಳಿಹೋಗುತ್ತವೆ. ಉಪಯೋಗಕ್ಕೆ ಬಾರದೆ, ಬರೀ ಗಾಳಿಮಳೆಗೆ ಒಡ್ಡಿಕೊಂಡು ನಿಂತ ಈ ಗಿಡ ಅವನಿಗೆ ತುಂಬ ಹಿಡಿಸಿತು. ಜನ ಆ ಮನೆಯನ್ನು ಬಾಳೆಗಿಡದ ಗುಡಿಸಲು ಎಂದು ಕರೆದರು. ಕವಿ ಆ ಹೆಸರನ್ನೇ ತನ್ನದಾಗಿ ಮಾಡಿಕೊಂಡ. ದೀಪಾವಳಿಗೂ ಮದುವೆಗೂ ಬಾಗಿಲಿಗೆ ಬಾಳೆಕಂಬ ಕಟ್ಟುವ, ಹಣ್ಣು ಕೊಡದ ಬಾಳೆಯನ್ನು ಊಹಿಸಲಾರದ ನಮ್ಮ ಮಕ್ಕಳು ಇಲ್ಲಿ ನಕ್ಕರು. ನಿಮ್ಮ ಮನೆಯ ಹತ್ತಿರ ಯಾರಿಗೂ ಏನೂ ಕೊಡದ ಗಿಡ ಯಾವುದಿದೆ ಎಂದು ಕೇಳಿದಾಗ ನಗು ನಿಂತು ಯೋಚನೆ ಸುರುವಾಯಿತು. ಎಕ್ಕಿ, ಜಾಲಿ, ಪಾಪಸುಕಳ್ಳಿ ಎಂದು ಪಟ್ಟಿ ಬೆಳೆಯಿತು. ಅವುಗಳಲ್ಲಿ ಒಂದನ್ನು ನಾಳೆ ಎರಡು ನಿಮಿಷ ನಿಂತು ನೋಡಿ ಬರಬೇಕೆಂಬುದು ಮೊದಲ ಅವಧಿಯ ಗೃಹಪಾಠ.

ಗುಡಿಸಲು ಸುಟ್ಟ ಮೇಲೆ

ಇದೇ ಕಾಲದಲ್ಲಿ ಬಾಶೊ ಬುಚ್ಚೊ ಎಂಬ ಗುರುವಿನ ಬಳಿ ಝೆನ್ ಧ್ಯಾನ ಕಲಿತ. ಆದರೆ ಅವನಿಗೆ ಶಾಂತಿ ಸುಲಭವಾಗಿ ಸಿಕ್ಕಲಿಲ್ಲ. 1682ರ ಕೊನೆಯಲ್ಲಿ ಎಡೊದಲ್ಲಿ ದೊಡ್ಡ ಬೆಂಕಿ ಬಿದ್ದು ಅವನ ಗುಡಿಸಲೂ ಸುಟ್ಟುಹೋಯಿತು. ಮರುವರ್ಷ ಊರಿನಲ್ಲಿ ತಾಯಿ ತೀರಿಕೊಂಡಳು, ಅವನು ಹೋಗಲಾಗಲಿಲ್ಲ. ಶಿಷ್ಯರು ಹಣ ಕೂಡಿಸಿ ಮತ್ತೊಂದು ಗುಡಿಸಲು ಕಟ್ಟಿಕೊಟ್ಟರು. ಅದರಲ್ಲಿ ಅವನು ಬಹಳ ದಿನ ನಿಲ್ಲಲಿಲ್ಲ. 1684ರ ಶರತ್ಕಾಲದಲ್ಲಿ, 40ನೆಯ ವಯಸ್ಸಿನಲ್ಲಿ, ಮೊದಲ ದೊಡ್ಡ ಕಾಲ್ನಡಿಗೆಗೆ ಹೊರಟ. ದಾರಿಯಲ್ಲಿ ಸತ್ತರೆ ಬಯಲಲ್ಲಿ ಎಲುಬಾಗಿ ಬೀಳುವ ಸಾಧ್ಯತೆಯನ್ನು ಎದುರಿಟ್ಟುಕೊಂಡೇ ಹೊರಟನೆಂಬುದು ಆ ಪ್ರವಾಸ ಕಥನದ ಹೆಸರಿನಿಂದಲೇ ತಿಳಿಯುತ್ತದೆ.

ಈ ಪ್ರವಾಸದ ಎರಡು ಪ್ರಸಂಗಗಳನ್ನು ಬಿಡಬಾರದು. ಫುಜಿ ನದಿಯ ದಂಡೆಯಲ್ಲಿ ಅವನು ಅಳುತ್ತಿದ್ದ ಒಂದು ಕೂಸನ್ನು ಕಂಡ. ಸಾಕಲಾಗದೆ ಯಾರೋ ಬಿಟ್ಟುಹೋದ ಕೂಸು. ತನ್ನಲ್ಲಿದ್ದ ಬುತ್ತಿಯನ್ನು ಕೊಟ್ಟು ಅವನು ಮುಂದೆ ನಡೆದ. ಶರತ್ಕಾಲದ ಗಾಳಿಯಲ್ಲಿ ಮಂಗನ ಕೂಗಿಗೆ ಕರಗುವ ಕವಿಗಳು ಈ ಅಳುವಿಗೆ ಏನು ಹೇಳುತ್ತಾರೆ ಎಂಬ ಪ್ರಶ್ನೆಯನ್ನು ಬರೆದಿಟ್ಟ. ತನ್ನನ್ನು ಒಳ್ಳೆಯವನಾಗಿ ತೋರಿಸಿಕೊಳ್ಳಲಿಲ್ಲ. ಈ ಪ್ರಸಂಗ ಮಕ್ಕಳಿಗೆ ಹೇಳಬೇಕೇ ಎಂದು ಒಬ್ಬ ಪ್ರಶಿಕ್ಷಣಾರ್ಥಿ ಕೇಳಿದರು. ಹೇಳಬೇಕು ಎಂಬುದೇ ನನ್ನ ಅಭಿಪ್ರಾಯ. ಪ್ರಕೃತಿಯನ್ನು ಪ್ರೀತಿಸಿದ ಕವಿಯ ಮುಂದೆ ಬರೀ ಹೂ ಹಕ್ಕಿ ಇರಲಿಲ್ಲ, ಹಸಿವೂ ಇತ್ತು ಎಂಬುದನ್ನು ಮರೆಸಿದರೆ ಅವನ ಕೃತಜ್ಞತೆ ಸಕ್ಕರೆ ಮಾತಾಗುತ್ತದೆ. ಲಕ್ಷ್ಮೇಶ್ವರದ ತರಗತಿಯಲ್ಲಿ ಈ ಪ್ರಸಂಗದ ಮೇಲೆ ನಡೆದ ಚರ್ಚೆ ಅವಧಿಯನ್ನೇ ನುಂಗಿತು. ಕೂಸನ್ನು ಎತ್ತಿಕೊಂಡು ಹೋಗಬೇಕಿತ್ತು ಎಂದವರೇ ಹೆಚ್ಚು. ಅವರ ಸಿಟ್ಟು ಸರಿಯಾದದ್ದೇ. ಅದನ್ನು ತಣಿಸಲು ನಾನು ಹೋಗಲಿಲ್ಲ.

ಎರಡನೆಯದು ಹುಟ್ಟೂರಿನ ಪ್ರಸಂಗ. ತಾಯಿ ಸತ್ತ ಮರುವರ್ಷ ಮನೆಗೆ ಬಂದ ತಮ್ಮನ ಮುಂದೆ ಅಣ್ಣ ಒಂದು ಸಣ್ಣ ಚೀಲ ಬಿಚ್ಚಿದ. ಅದರಲ್ಲಿ ತಾಯಿಯ ನರೆಗೂದಲು ಇತ್ತು. ಅಣ್ಣತಮ್ಮಂದಿರ ಹುಬ್ಬೂ ಆಗಲೇ ಬೆಳ್ಳಗಾಗಿದ್ದವು. ಕೈಯಲ್ಲಿ ಹಿಡಿದರೆ ಬಿಸಿ ಕಣ್ಣೀರಿಗೆ ಕರಗಿಹೋಗಬಹುದಾದ ಮಂಜಿನಂತೆ ಆ ಕೂದಲನ್ನು ಕಂಡ. ಋತುವೂ ತಾಯಿಯೂ ಒಂದೇ ಪದ್ಯದಲ್ಲಿ ಕೂಡಿದ್ದು ಹಾಗೆ. ಋತುಸೂಚನೆ ಎಂಬುದು ಅವನಿಗೆ ಅಲಂಕಾರವಾಗಿರಲಿಲ್ಲ.

1686ರ ವಸಂತದಲ್ಲಿ ಕಪ್ಪೆಯನ್ನು ಕುರಿತ ಅವನ ಪ್ರಸಿದ್ಧ ಪದ್ಯ ಹುಟ್ಟಿತು. ಅದರ ಹೊಸತನ ಎಲ್ಲಿದೆ ಎಂಬುದನ್ನು ಮಕ್ಕಳಿಗೆ ಹೇಳಬಹುದು. ಅದುವರೆಗಿನ ಜಪಾನೀ ಕವಿಗಳಿಗೆ ಕಪ್ಪೆ ಎಂದರೆ ಅದರ ಕೂಗು. ಬಾಶೊ ಕೂಗನ್ನು ಬಿಟ್ಟು ಅದು ನೀರಿಗೆ ಬಿದ್ದ ಸದ್ದನ್ನು ಕೇಳಿಸಿಕೊಂಡ. ಎಲ್ಲರೂ ಹೇಳುವುದನ್ನು ಬಿಟ್ಟು ತನ್ನ ಕಿವಿಗೆ ಬಿದ್ದದ್ದನ್ನು ಹೇಳುವುದು ಎಂಬ ಒಂದೇ ಪಾಠಕ್ಕೆ ಈ ಉದಾಹರಣೆ ಸಾಕು. 1916ರಲ್ಲಿ ಜಪಾನಿಗೆ ಹೋದ ರವೀಂದ್ರನಾಥ ಠಾಕೂರರು ತಮ್ಮ ಪ್ರವಾಸ ಬರಹದಲ್ಲಿ ಈ ಪದ್ಯವನ್ನು ಬಂಗಾಲಿ ಓದುಗರಿಗೆ ಪರಿಚಯಿಸಿದರು.

ಉತ್ತರದ ಕಿರುದಾರಿ

1689ರ ವಸಂತದಲ್ಲಿ ಬಾಶೊ ತನ್ನ ಗುಡಿಸಲನ್ನು ಬೇರೆಯವರಿಗೆ ಬಿಟ್ಟುಕೊಟ್ಟ. ಮೇ 16ರಂದು ಸೊರಾ ಎಂಬ ಶಿಷ್ಯನೊಡನೆ ಉತ್ತರದ ದೂರದ ಪ್ರಾಂತಗಳಿಗೆ ಹೊರಟ. ಹೊಟ್ಟೆಯ ಬೇನೆ ಅವನನ್ನು ಆಗಾಗ ಕಾಡುತ್ತಿತ್ತು. ಹೊದೆಯಲು ಕಾಗದದ ಅಂಗಿ, ಮಳೆಗೆ ಹೊದಿಕೆ, ಮಸಿ-ಕುಂಚ, ಜೊತೆಗೆ ಬೀಳ್ಕೊಟ್ಟವರು ಪ್ರೀತಿಯಿಂದ ಕೊಟ್ಟಿದ್ದರಿಂದ ಬಿಸಾಡಲಾಗದ ಕಾಣಿಕೆಗಳು. ಇಷ್ಟರ ಭಾರವೇ ಅವನ ಸಣಕಲು ಹೆಗಲಿಗೆ ಹೆಚ್ಚಾಯಿತು. ಸುಮಾರು ಐದು ತಿಂಗಳಲ್ಲಿ 2,400 ಕಿಲೋಮೀಟರಿನಷ್ಟು ದಾರಿ ಸಾಗಿದರು, ಬಹುಪಾಲು ನಡೆದೇ.

ನಾಸು ಎಂಬ ಹುಲ್ಲುಗಾವಲಿನಲ್ಲಿ ದಾರಿ ತಪ್ಪುವಂತಾಯಿತು. ಹುಲ್ಲು ಕೊಯ್ಯುತ್ತಿದ್ದ ರೈತನೊಬ್ಬ ಇವರ ಪರದಾಟ ನೋಡಿ ತನ್ನ ಕುದುರೆಯನ್ನೇ ಕೊಟ್ಟ. ದಾರಿ ಅದಕ್ಕೆ ಗೊತ್ತಿದೆ, ಅದು ನಿಂತಲ್ಲಿ ಇಳಿದು ಹಿಂದಕ್ಕೆ ಬಿಟ್ಟರೆ ಸಾಕು ಎಂದ. ಇಬ್ಬರು ಮಕ್ಕಳು ಕುದುರೆಯ ಹಿಂದೆ ಓಡಿಬಂದರು. ಅವರಲ್ಲಿ ಒಬ್ಬಳು ಕಸಾನೆ ಎಂಬ ಹುಡುಗಿ. ಊರು ಬಂದ ಮೇಲೆ ಬಾಶೊ ಬಾಡಿಗೆಯ ಹಣವನ್ನು ಜೀನಿಗೆ ಕಟ್ಟಿ ಕುದುರೆಯನ್ನು ಹಿಂದಕ್ಕೆ ಕಳಿಸಿದ. ಹೊಲದ ದಾರಿ ಬಲ್ಲ ಎತ್ತುಗಳನ್ನು ಕಂಡ ಶಿರಹಟ್ಟಿಯ ಮಕ್ಕಳಿಗೆ ಇಡೀ ಕಥೆಯಲ್ಲಿ ಅತಿ ಹೆಚ್ಚು ನೆನಪಿನಲ್ಲಿ ಉಳಿದದ್ದು ಈ ಕುದುರೆ.

ಇನ್ನೊಂದೆಡೆ ಗಡಿಕಾವಲುಗಾರನ ಮನೆಯಲ್ಲಿ ಮಳೆಗಾಳಿಗೆ ಸಿಕ್ಕು ಮೂರು ದಿನ ಉಳಿಯಬೇಕಾಯಿತು. ಚಿಗಟ, ಹೇನು, ತಲೆಯ ಹತ್ತಿರವೇ ಕುದುರೆ. ಅದನ್ನೂ ಅವನು ಪದ್ಯ ಮಾಡಿದ. ಬೆಟ್ಟದ ಮೇಲಿನ ದೇವಾಲಯವೊಂದರಲ್ಲಿ ಬಂಡೆಗಳ ನಡುವೆ ಜೀರುಂಡೆಗಳ ಸದ್ದನ್ನು ಕೇಳಿ ಅದರಲ್ಲೇ ನಿಶ್ಶಬ್ದವನ್ನು ಕಂಡ.

ಮೊಗಾಮಿ ನದಿಯ ಪ್ರಸಂಗ ಪದ್ಯ ತಿದ್ದುವುದನ್ನು ಕಲಿಸಲು ಬಹಳ ಉಪಯುಕ್ತ. ಓಯಿಶಿದಾ ಎಂಬಲ್ಲಿ ನದಿಯ ದಂಡೆಯ ಒಂದು ಮನೆಯಲ್ಲಿ ಕವಿಕೂಟ ನಡೆಯಿತು. ಅತಿಥಿಯಾದ ಬಾಶೊ ಮಳೆಗಾಲದ ಆ ನದಿಯ ತಂಪನ್ನು ಹೇಳಿ ಮನೆಯವರಿಗೆ ವಂದನೆ ಸಲ್ಲಿಸಿದ. ಆಮೇಲೆ ತುಂಬಿ ಹರಿಯುವ ಅದೇ ನದಿಯಲ್ಲಿ ದೋಣಿಯಲ್ಲಿ ಇಳಿದುಹೋದ. ದೋಣಿ ಅಪಾಯಕ್ಕೆ ಸಿಕ್ಕುವಂಥ ಸೆಳೆತ. ಪ್ರವಾಸ ಗ್ರಂಥದಲ್ಲಿ ಆ ಪದ್ಯವನ್ನು ಸೇರಿಸುವಾಗ ತಂಪು ಎಂಬ ಒಂದು ಪದವನ್ನು ತೆಗೆದು ರಭಸ ಎಂಬ ಪದವನ್ನು ಇಟ್ಟ. ದಂಡೆಯ ಮೇಲೆ ಕೂತವನ ನದಿ ಒಂದು, ದೋಣಿಯಲ್ಲಿ ಕೂತವನ ನದಿ ಇನ್ನೊಂದು. ಎರಡೂ ಸುಳ್ಳಲ್ಲ. ತುಂಗಭದ್ರೆಯನ್ನು ಬೇಸಿಗೆಯಲ್ಲೂ ಹೊಳೆ ಬಂದಾಗಲೂ ನೋಡಿದ ಮುಂಡರಗಿ ಕಡೆಯ ಮಕ್ಕಳು ಇದನ್ನು ಥಟ್ಟನೆ ಹಿಡಿದರು.

ದಾರಿಯಲ್ಲಿ ಸೊರಾನ ಆರೋಗ್ಯ ಕೆಟ್ಟಿತು; ಅವನು ನೆಂಟರ ಊರಿಗೆ ಮೊದಲೇ ಹೋದ. ಶರತ್ಕಾಲದಲ್ಲಿ ಬಾಶೊ ಓಗಾಕಿ ಊರನ್ನು ಮುಟ್ಟಿದಾಗ ಶಿಷ್ಯರೆಲ್ಲ ಸತ್ತು ಬದುಕಿ ಬಂದವನನ್ನು ಕಂಡಂತೆ ಸಂತೋಷಪಟ್ಟರು. ಕೆಲವೇ ದಿನಗಳಲ್ಲಿ ಅವನು ಮತ್ತೆ ಹೊರಟ. ಈ ಪ್ರವಾಸದ ಗ್ರಂಥ ಓಕು ನೊ ಹೊಸೊಮಿಚಿಯನ್ನು ವರ್ಷಗಟ್ಟಲೆ ತಿದ್ದಿ 1694ರಲ್ಲಿ ಮುಗಿಸಿದ. ಅದು ಅಚ್ಚಾದದ್ದು ಅವನ ಮರಣಾನಂತರ, 1702ರಲ್ಲಿ.

ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಟಿಬೆಟ್, ಮಂಗೋಲಿಯಾದ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿಗಳವು. ಕೆರೆಯಲ್ಲಿ ತಂಗಿ, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಬಿಸಿಲು ಏರುವ ಹೊತ್ತಿಗೆ ಹಿಂದಿರುಗುತ್ತವೆ. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಹಕ್ಕಿ ಈ ಊರಿನದೋ ಆ ಊರಿನದೋ ಎಂದು ತರಗತಿಯಲ್ಲಿ ಕೇಳಿದೆ. ಮಾಗಡಿಯ ಕಡೆಯಿಂದ ಬರುವ ಹುಡುಗಿಯೊಬ್ಬಳು, ಬಂದಷ್ಟು ದಿನ ಅದು ನಮ್ಮ ಊರಿನದೇ ಎಂದಳು. ಬಾಶೊನ ಬದುಕಿಗೆ ಇದಕ್ಕಿಂತ ಒಳ್ಳೆಯ ಟಿಪ್ಪಣಿ ನನಗೆ ಎಲ್ಲೂ ಸಿಕ್ಕಿಲ್ಲ.

ಮರದ ನೆರಳು, ಮಳೆಯ ಹೆಸರು

1690ರ ಬೇಸಿಗೆಯಲ್ಲಿ ಬಾಶೊ ಬಿವಾ ಸರೋವರದ ಹತ್ತಿರದ ಗುಡ್ಡದ ಮೇಲೆ ಗೆಂಜೂ ಎಂಬ ಹಳೆಯ ಗುಡಿಸಲಿನಲ್ಲಿ ಕೆಲವು ತಿಂಗಳು ಉಳಿದ. ಅಲ್ಲಿ ಬರೆದ ಗದ್ಯದಲ್ಲಿ ತನ್ನ ಬದುಕನ್ನು ಹಿಂದಿರುಗಿ ನೋಡಿದ್ದಾನೆ. ಒಮ್ಮೆ ಅಧಿಕಾರದ ಹುದ್ದೆಯವರನ್ನು ಕಂಡು ಆಸೆಪಟ್ಟದ್ದು, ಒಮ್ಮೆ ಸನ್ಯಾಸಿಯಾಗಲು ಹೊರಟದ್ದು, ಎರಡೂ ಆಗದೆ ಕವಿತೆಯ ಎಳೆಯೊಂದನ್ನೇ ಹಿಡಿದು ಬಂದದ್ದು, ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ಕೊನೆಗೆ ಅಲ್ಲಿನ ಒಂದು ಮರವನ್ನು ತನ್ನ ಆಸರೆಯೆಂದು ನೆನೆದು ಬರಹ ಮುಗಿಸಿದ್ದಾನೆ. ಮನೆ ಅವನದಲ್ಲ, ಗುಡ್ಡ ಅವನದಲ್ಲ. ನೆರಳು ಮಾತ್ರ ಆ ದಿನಗಳಿಗೆ ಅವನದು.

ಅವನ ಬೋಧನೆಯನ್ನು ಹಟ್ಟೋರಿ ದೊಹೊ ಎಂಬ ಶಿಷ್ಯ ಬರೆದಿಟ್ಟಿದ್ದಾನೆ. ಅದರ ಒಂದು ಸಾರ ಇಷ್ಟು: ಗಿಡದ ವಿಷಯವನ್ನು ಗಿಡದಿಂದಲೇ ಕಲಿಯಬೇಕು, ಅದಕ್ಕಾಗಿ ನಮ್ಮ ಮನಸ್ಸಿನ ಪೂರ್ವಗ್ರಹಗಳನ್ನು ಬದಿಗಿಡಬೇಕು. ಶಿಕ್ಷಕರಾಗುವ ನಮಗೂ ಇದು ಅನ್ವಯಿಸುತ್ತದೆ. ಮಗುವಿನ ವಿಷಯವನ್ನು ಮಗುವಿನಿಂದಲೇ ಕಲಿಯಬೇಕು.

ಜಪಾನೀ ಕವಿಗಳಿಗೆ ಋತುಪದಗಳ ಕೋಶಗಳೇ ಇವೆ. ಯಾವ ಹೂ, ಯಾವ ಹುಳ, ಯಾವ ಹಬ್ಬ ಯಾವ ಋತುವಿಗೆ ಸೇರಿದ್ದು ಎಂದು ಅವು ಹೇಳುತ್ತವೆ. ನಮಗೆ ಅಂಥ ಕೋಶ ಮನೆಯಲ್ಲೇ ಇದೆ: ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ, ಹುಬ್ಬಾ, ಉತ್ತರಾ, ಹಸ್ತ, ಚಿತ್ತಾ, ಸ್ವಾತಿ. ಪ್ರತಿ ಮಳೆಗೂ ಅದರ ಬಿತ್ತನೆ, ಅದರ ಕಳೆ, ಅದರ ಹುಳ, ಅದರ ಗಾದೆ ಇದೆ. ಅಜ್ಜ-ಅಜ್ಜಿಯರನ್ನು ಕೇಳಿ ಬರೆದುಕೊಂಡು ಬರಲು ಹೇಳಿದಾಗ ಮಕ್ಕಳು ತಂದ ಪಟ್ಟಿ ನಮ್ಮ ಪಾಠಯೋಜನೆಗಿಂತ ದೊಡ್ಡದಾಗಿತ್ತು: ಮಣ್ಣೆತ್ತಿನ ಅಮಾವಾಸ್ಯೆಯ ಎರೆಮಣ್ಣು, ಕಪ್ಪತಗುಡ್ಡದ ಮೇಲಿನ ಮೋಡ, ನಸುಕಿನಲ್ಲಿ ಕಡಲೆ ಹೊಲ ಹೊಕ್ಕರೆ ಬಟ್ಟೆಗೆ ಹತ್ತುವ ಹುಳಿ ಇಬ್ಬನಿ. ಎಳ್ಳಮಾವಾಸ್ಯೆಯ ಚರಗವನ್ನು ಬಹಳ ಜನ ಬರೆದಿದ್ದರು. ಬೆಳೆ ನಿಂತ ಹೊಲಕ್ಕೆ ಬುತ್ತಿ ಒಯ್ದು, ತಾವು ಉಣ್ಣುವ ಮೊದಲು ಭೂಮಿಗೆ ಚೆಲ್ಲುವ ಪದ್ಧತಿ ಅದು. ಕೃತಜ್ಞತೆ ಎಂಬ ಸಂಸ್ಕೃತ ಪದವನ್ನು ಬಳಸದೆ ನಮ್ಮ ರೈತರು ಅದನ್ನು ಕೈಯಿಂದ ಮಾಡಿ ತೋರಿಸುತ್ತ ಬಂದಿದ್ದಾರೆ.

ಈ ನೆಲಕ್ಕೆ ಹತ್ತಿರದ ಕವಿಯೊಬ್ಬರನ್ನು ಇಲ್ಲಿ ನೆನೆಯಬೇಕು. ದ. ರಾ. ಬೇಂದ್ರೆಯವರ ಮನೆತನದ ಹಿರಿಯರು ಶಿರಹಟ್ಟಿಯಲ್ಲಿದ್ದವರು. 1940ರ ದಶಕದ ಆರಂಭದಲ್ಲಿ ಬೇಂದ್ರೆಯವರು ಗದಗಿನಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಅವರು ಬರೆದದ್ದು ಹಾಯ್ಕು ಅಲ್ಲ, ಹಾಡು. ಆದರೆ ನೌಕರಿಯ ಅಭದ್ರತೆ, ಮಕ್ಕಳ ಸಾವು ಇವುಗಳ ನಡುವೆಯೂ ಬೆಳಗನ್ನೂ ಶ್ರಾವಣವನ್ನೂ ಕಣ್ತುಂಬ ನೋಡಿದ ಶಿಕ್ಷಕರು ಅವರು. ದುಃಖ ತೀರಿದ ಮೇಲೆ ಪ್ರಕೃತಿಯನ್ನು ನೋಡೋಣವೆಂದು ಇಬ್ಬರೂ ಕಾಯಲಿಲ್ಲ.

ಕೊನೆಯ ವರ್ಷಗಳು

1691ರ ಕೊನೆಗೆ ಬಾಶೊ ಎಡೊಗೆ ಮರಳಿದ. ಮರುವರ್ಷ ಶಿಷ್ಯರು ಮೂರನೆಯ ಗುಡಿಸಲು ಕಟ್ಟಿಸಿ ಮತ್ತೆ ಬಾಳೆಗಿಡ ನೆಟ್ಟರು. ಕ್ಷಯದಿಂದ ಬಳಲುತ್ತಿದ್ದ ಅಕ್ಕನ ಮಗ ತೋಯಿನನ್ನು ಅವನು ಅಲ್ಲಿಟ್ಟುಕೊಂಡು ಆರೈಕೆ ಮಾಡಿದ. 1693ರಲ್ಲಿ ತೋಯಿನ್ ತೀರಿಕೊಂಡ. ಅದೇ ವರ್ಷ ಕೆಲವು ವಾರ ಬಾಶೊ ಬಾಗಿಲು ಮುಚ್ಚಿಕೊಂಡು ಯಾರನ್ನೂ ಕಾಣಲಿಲ್ಲ. ಮತ್ತೆ ಬಾಗಿಲು ತೆರೆದ ಮೇಲೆ ಅವನು ಹೆಚ್ಚು ಹೆಚ್ಚಾಗಿ ಹೇಳಿದ್ದು ಹಗುರತನದ ಮಾತನ್ನು. ಕವಿತೆ ಭಾರವಾಗಿರಬಾರದು, ನಿತ್ಯದ ಸಾಮಾನ್ಯ ವಸ್ತುಗಳನ್ನು ಸರಳವಾಗಿ ಹೇಳಬೇಕು ಎಂಬುದು ಅದರ ತಾತ್ಪರ್ಯ. ಇದನ್ನು ಒಪ್ಪದ ಹಳೆಯ ಶಿಷ್ಯರೂ ಇದ್ದರು.

1694ರ ಬೇಸಿಗೆಯಲ್ಲಿ ಮತ್ತೆ ಪಶ್ಚಿಮಕ್ಕೆ ಹೊರಟು ಹುಟ್ಟೂರಿನಲ್ಲಿ ಉಳಿದು, ಜಗಳವಾಡಿಕೊಂಡಿದ್ದ ಇಬ್ಬರು ಶಿಷ್ಯರನ್ನು ಒಂದುಗೂಡಿಸಲು ಒಸಾಕಾಗೆ ಹೋದ. ಅಲ್ಲಿ ಹೊಟ್ಟೆಯ ಬೇನೆ ಉಲ್ಬಣಿಸಿತು. ಹೂ ಮಾರುವವನೊಬ್ಬನ ಮನೆಯ ಕೋಣೆಯಲ್ಲಿ, ಶಿಷ್ಯರ ನಡುವೆ, ನವೆಂಬರ್ 28ರಂದು 50ನೆಯ ವಯಸ್ಸಿನಲ್ಲಿ ತೀರಿಕೊಂಡ. ಹಾಸಿಗೆ ಹಿಡಿದ ಮೇಲೆ ಹೇಳಿದ ಪದ್ಯವೂ ಒಣಗಿದ ಬಯಲಲ್ಲಿ ಅಲೆಯುವ ಕನಸನ್ನು ಕುರಿತದ್ದು. ಸತ್ತದ್ದೂ ಅತಿಥಿಯಾಗಿಯೇ. ಅವನ ಇಚ್ಛೆಯಂತೆ ದೇಹವನ್ನು ಬಿವಾ ಸರೋವರದ ಬಳಿಯ ಗಿಚೂಜಿ ದೇವಾಲಯದಲ್ಲಿ ಮಣ್ಣು ಮಾಡಿದರು. ಈಗಲೂ ಅಲ್ಲಿ ಅವನ ಸಮಾಧಿ ಇದೆ.

ತರಗತಿಗೆ ಕೆಲವು ಸೂಚನೆಗಳು

ಕಥೆ ಮುಗಿದ ಮೇಲೆ ಬರೆಸುವಾಗ ಲೆಕ್ಕಕ್ಕೆ ಅಂಟಿಕೊಳ್ಳಬೇಡಿರಿ. ಜಪಾನಿಯರು ಎಣಿಸುವ 17 ಘಟಕಗಳು ನಮ್ಮ ಮಾತ್ರೆಗೆ ಹತ್ತಿರ. ಅವರಲ್ಲೂ ದೀರ್ಘಕ್ಕೆ ಎರಡು. ಕನ್ನಡದಲ್ಲಿ ಅಕ್ಷರ ಎಣಿಸಬೇಕೋ ಮಾತ್ರೆ ಎಣಿಸಬೇಕೋ ಎಂಬ ಚರ್ಚೆ ಛಂದಸ್ಸಿನ ಪಾಠಕ್ಕೆ ಒಳ್ಳೆಯದು. ಸ್ವರಚನೆಗೆ ಮೂರು ಚಿಕ್ಕ ಸಾಲು ಸಾಕು. ಧನ್ಯವಾದ, ವಂದನೆ, ತಾಯಿ ಎಂಬ ಪದಗಳನ್ನು ಒಂದು ಅವಧಿಯ ಮಟ್ಟಿಗೆ ಬದಿಗಿಡಲು ಹೇಳಿರಿ. ಮೌಲ್ಯಮಾಪನಕ್ಕೆ ಮೂರು ಪ್ರಶ್ನೆ ಸಾಕು: ಇದು ನೀನು ಕಂಡದ್ದೋ ಕೇಳಿದ್ದೋ? ಯಾವ ಮಳೆ, ಯಾವ ಹೊತ್ತು ಎಂಬುದು ತಿಳಿಯುತ್ತದೆಯೋ? ಒಂದು ಪದ ತೆಗೆದರೆ ಕೆಡುತ್ತದೆಯೋ, ಸುಧಾರಿಸುತ್ತದೆಯೋ?

ಮುಂಡರಗಿಯ ತರಗತಿಯಲ್ಲಿ ಒಬ್ಬ ಹುಡುಗ ಬರೆಯದೆ ಕೂತಿದ್ದ. ತಂದೆ-ತಾಯಿ ಗೋವಾಕ್ಕೆ ಗುಳೆ ಹೋಗಿದ್ದರು. ಅವನೂ ರಜೆಯಲ್ಲಿ ಅಲ್ಲಿಗೆ ಹೋಗುತ್ತಾನೆ, ಉಳಿದಂತೆ ಇಲ್ಲಿ ಅಜ್ಜಿಯ ಜೊತೆ. ಯಾವ ಊರಿನ ಮಳೆ ಬರೆಯಬೇಕೆಂಬುದು ಅವನ ಪ್ರಶ್ನೆಯಾಗಿತ್ತು. ಬಾಶೊ ಯಾವ ಊರಿನದು ಬರೆದ ಎಂದು ಕೇಳಿದೆ. ಇದ್ದ ಊರಿನದು ಎಂದ. ಆಮೇಲೆ ಅವನು ಬರೆದದ್ದರ ವಿಷಯ ಇದು: ಇಲ್ಲಿ ಅಂಗಳದಲ್ಲಿ ಧೂಳು, ಅವ್ವನ ಫೋನಿನಲ್ಲಿ ಮಳೆಯ ಸದ್ದು. ಅದನ್ನು ಓದಿದ ಪ್ರಶಿಕ್ಷಣಾರ್ಥಿ ಅಂಕ ಹಾಕುವ ಕೆಂಪು ಪೆನ್ನನ್ನು ಕೆಳಗಿಟ್ಟು, ಅವನ ಒಪ್ಪಿಗೆ ಪಡೆದು, ಕರಿಹಲಗೆಯ ಮೇಲೆ ಬರೆದರು.

ಪ್ರತಿ ತರಗತಿಗೂ ಒಂದು ಋತುವಹಿ ಇಡುವುದು ಒಳ್ಳೆಯದು. 200 ಪುಟದ ಸಾದಾ ನೋಟಬುಕ್ಕು ಸಾಕು. ಪುಟದ ಮೇಲ್ಭಾಗದಲ್ಲಿ ಆಗ ನಡೆಯುತ್ತಿರುವ ಮಳೆಯ ಹೆಸರು, ಕೆಳಗೆ ಆ ಹದಿನೈದು ದಿನಗಳಲ್ಲಿ ಯಾರು ಏನು ಕಂಡರೋ ಅದು, ಮೂರು ಸಾಲಿನಲ್ಲಿ. ಬೋಧನಾಭ್ಯಾಸ ಮುಗಿಸಿ ನಾವು ಹೊರಟ ಮೇಲೂ ಆ ವಹಿ ಆ ಶಾಲೆಯಲ್ಲೇ ಉಳಿಯಲಿ. ಅತಿಥಿಗಳಾಗಿ ಹೋದ ನಾವು ಆ ಶಾಲೆಗೆ ಕೊಟ್ಟು ಬರಬಹುದಾದದ್ದು ಅದು.